ಗಾಜಿನ ಮನೆಯೊಳಗೆ ಕೂತರೆ ಹೊರಗೆ ಕೂತಂತಾಗುತ್ತಾ? ಫಾರ್ನ್ಸ್‌ವರ್ತ್ ಮನೆ ನೋಡಿ ಬಂದೆ

ಫಾಕ್ಸ್ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹತ್ತು ವರ್ಷದಿಂದ ಅಮೆರಿಕದ ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇನೆ. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿಂದ ಅರ್ಧ ಗಂಟೆ ಕಾರು ಓಡಿಸಿದರೆ ಪ್ಲೇನೋ ಎಂಬ ಸಣ್ಣ ಊರು. ಊರಾಚೆ, ಅರೋರಾದಲ್ಲಿ ಹರಿಯುವ ಅದೇ ಫಾಕ್ಸ್ ನದಿಯ ದಂಡೆಯಲ್ಲಿ, ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ ಕಟ್ಟಿದ ಫಾರ್ನ್ಸ್‌ವರ್ತ್ ಮನೆ ಇದೆ. ಇಷ್ಟು ಹತ್ತಿರ ಇದ್ದೂ ನೋಡಿರಲಿಲ್ಲ. ಮೊನ್ನೆ ಅಕ್ಟೋಬರ್‌ನಲ್ಲಿ ಹೋಗಿ ಬಂದೆ. ಅದರ ಬಗ್ಗೆ ಬರೆಯದಿದ್ದರೆ ಮನಸ್ಸು ತಡೆಯುತ್ತಿಲ್ಲ.

ಟಿಕೆಟ್ ತೆಗೆದುಕೊಂಡ ಜಾಗದಿಂದ ಮನೆಗೆ ಕಾಡಿನ ನಡುವೆ ನಡೆದು ಹೋಗಬೇಕು. ಮರಗಳ ಸಂದಿಯಲ್ಲಿ ಮೊದಲು ಎರಡು ಬಿಳಿ ಗೆರೆ ಕಾಣುತ್ತವೆ. ಮೇಲಿನದು ಮಾಡು, ಅಂದರೆ ಚಾವಣಿ, ಕೆಳಗಿನದು ನೆಲ. ನಡುವೆ ಏನೂ ಇಲ್ಲ ಅನ್ನಿಸುತ್ತದೆ. ಹತ್ತಿರ ಹೋದಾಗ ಎಂಟು ಉಕ್ಕಿನ ಕಂಬ, ಆಮೇಲೆ ಗಾಜು. ನೆಲ ಮಣ್ಣಿನಿಂದ ಸುಮಾರು 1.6 ಮೀಟರ್ ಮೇಲಿದೆ. ಮನೆ ಕೂತಿಲ್ಲ, ನಿಂತಿದೆ. ಒಳಗೆ ಕೋಣೆ ಅಂತ ಬೇರೆ ಬೇರೆ ಇಲ್ಲ. ನಡುವೆ ಮರದ ಹಲಗೆಯ ಒಂದು ದೊಡ್ಡ ಪೆಟ್ಟಿಗೆ, ಅದರಲ್ಲೇ ಎರಡು ಬಚ್ಚಲು, ಅಡುಗೆ ಕಟ್ಟೆ, ಬೆಂಕಿಗೂಡು. ಉಳಿದದ್ದೆಲ್ಲ ಬಯಲು. 1951ರಲ್ಲಿ ಮುಗಿದ ಕಟ್ಟಡ ಇದು.

ನನಗೆ ಒಂದು ಗೊಂದಲ. ಎಲ್ಲರೂ ಹೇಳೋದು, ಈ ಮನೆಯಲ್ಲಿ ಒಳಗು-ಹೊರಗು ಒಂದಾಗಿದೆ ಅಂತ. ಗಾಜಿನ ಕೋಣೆಯಲ್ಲಿ ನಿಂತಾಗ ನನಗೆ ಹಾಗೆ ಅನ್ನಿಸಲಿಲ್ಲ. ಮೇಪಲ್ ಎಲೆ ಉದುರುವುದು ಕಾಣುತ್ತದೆ, ಸದ್ದು ಕೇಳುವುದಿಲ್ಲ. ನದಿ ಹರಿಯುವುದು ಕಾಣುತ್ತದೆ, ತಣ್ಣಗಿನ ಗಾಳಿ ಮುಖಕ್ಕೆ ತಾಗುವುದಿಲ್ಲ. ಕಣ್ಣು ಹೊರಗೆ ಹೋಯಿತು, ಮೈ ಒಳಗೇ ಉಳಿಯಿತು.

ಆದರೆ ಅದೇ ಮನೆಯ ಪಡುವಣ ಬದಿಗೆ ಒಂದು ಜಗಲಿ ಇದೆ. ಮಾಡಿನ ಉದ್ದದಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಭಾಗಕ್ಕೆ ಗಾಜೇ ಇಲ್ಲ. ಒಳಗಿನ ಅದೇ ಟ್ರಾವರ್ಟೀನ್ ಕಲ್ಲು, ಅದೇ ಮಟ್ಟದಲ್ಲಿ, ಹೊರಗೂ ಹಾಸಿದೆ. ಅದರ ಮುಂದೆ ಸ್ವಲ್ಪ ತಗ್ಗಿನಲ್ಲಿ ಇನ್ನೊಂದು ಬಯಲು ಕಟ್ಟೆ, ಅದಕ್ಕೆ ಮಾಡೂ ಇಲ್ಲ. ಆ ಜಗಲಿಯಲ್ಲಿ ನಿಂತಾಗ ಮೈ ಜುಂ ಅಂದಿತು. ತಲೆ ಮೇಲೆ ನೆರಳು, ಕಾಲ ಕೆಳಗೆ ಕಲ್ಲು, ಮೂರು ಕಡೆ ಗಾಳಿ. ಈ ಮನೆಯ ಜೀವ ಗಾಜಿನಲ್ಲಿಲ್ಲ, ಈ ಜಗಲಿಯಲ್ಲಿದೆ ಅಂತ ನನಗೆ ಬಲವಾಗಿ ಅನ್ನಿಸಿತು. ನಾನು ವಾಸ್ತುಶಿಲ್ಪ ಓದಿದವನಲ್ಲ. ತಿಳಿದವರು ಇದ್ದರೆ ಹೇಳಿ, ನಾನು ನೋಡಿದ್ದು ಸರಿನಾ?

ತೀರ್ಥಹಳ್ಳಿ ಮಳೆ:

ಜಗಲಿ ಅಂತ ನೀವು ಬರೆದ ಕೂಡಲೇ ಅರ್ಥವಾಯಿತು. ನಮ್ಮ ಮನೆಯಲ್ಲಿ ಬಂದವರು ಮೊದಲು ಕೂರುವುದು ಅಲ್ಲೇ, ಅಡಕೆ ಸುಲಿಯುವುದು ಅಲ್ಲೇ, ಅಜ್ಜಿ ಮಧ್ಯಾಹ್ನ ಒರಗುವುದೂ ಅಲ್ಲೇ. ಜಗಲಿಯಲ್ಲಿದ್ದವರನ್ನು ನಾವು ಮನೆಯಲ್ಲಿ ಇಲ್ಲ ಅನ್ನುವುದಿಲ್ಲ, ಹೊರಗೆ ಹೋಗಿದ್ದಾರೆ ಅಂತಲೂ ಅನ್ನುವುದಿಲ್ಲ.

ಒಂದು ಪ್ರಶ್ನೆ. ನದಿ ಪಕ್ಕ, ಕಾಡಿನ ನಡುವೆ, ಅಷ್ಟು ಬಯಲಾಗಿ ಇದ್ದರೆ ಸೊಳ್ಳೆ ಕಾಟ ಇರಲಿಲ್ವಾ? ಆ ಮನೆಯಲ್ಲಿ ಇದ್ದವರು ಯಾರು, ಹೇಗೆ ಇದ್ದರು?

ಫಾಕ್ಸ್ ದಂಡೆ:

ಇತ್ತು, ಜಾಸ್ತಿನೇ ಇತ್ತು. ಮನೆ ಕಟ್ಟಿಸಿದವರು ಎಡಿತ್ ಫಾರ್ನ್ಸ್‌ವರ್ತ್. ಶಿಕಾಗೊದಲ್ಲಿ ಮೂತ್ರಪಿಂಡದ ಕಾಯಿಲೆಗಳ ವೈದ್ಯೆ, ಒಂಟಿ ಹೆಣ್ಣುಮಗಳು. ಶನಿವಾರ ಭಾನುವಾರ ಬಂದು ಇರಲಿಕ್ಕೆ ಒಂದು ಮನೆ ಬೇಕಿತ್ತು. 1945ರಲ್ಲಿ ಒಂದು ಊಟದ ಕೂಟದಲ್ಲಿ ಮೀಸ್ ಪರಿಚಯವಾದರು. ಮೊದಲು ಇಬ್ಬರಿಗೂ ಚೆನ್ನಾಗಿತ್ತು. ಕೊನೆಗೆ ಹಣದ ಲೆಕ್ಕದಲ್ಲಿ ಮನಸ್ತಾಪವಾಗಿ ಕೋರ್ಟಿಗೆ ಹೋದರು. ತೀರ್ಪು ಮೀಸ್ ಕಡೆಗೆ ಆಯಿತು.

ಸೊಳ್ಳೆಗೆ ಅಂತ ಆಕೆ ಆ ಜಗಲಿಯ ಸುತ್ತ ಕಂಚಿನ ಬಲೆ ಹಾಕಿಸಿದ್ದರು. ಹಳೆಯ ಫೋಟೋಗಳಲ್ಲಿ ಕಾಣುತ್ತದೆ. 1972ರಲ್ಲಿ ಮನೆ ಕೊಂಡ ಪೀಟರ್ ಪಲಂಬೊ ಅದನ್ನು ತೆಗೆಸಿದರು. ಚಿತ್ರದಲ್ಲಿ ಬಲೆ ಇಲ್ಲದ ಮನೆ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಬೇಸಿಗೆ ಸಂಜೆ ಆ ಜಗಲಿಯಲ್ಲಿ ಕೂತು ಓದಬೇಕು ಅನ್ನುವವರಿಗೆ ಬಲೆ ಬೇಕು. ಆಕೆ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಕಸದ ಡಬ್ಬ ಇಟ್ಟರೆ ರಸ್ತೆಯಿಂದ ಕಾಣುತ್ತದೆ ಅಂತ ಆಕೆ ಪತ್ರಿಕೆಯೊಂದಕ್ಕೆ ಹೇಳಿದ್ದರು. ನೋಡಲಿಕ್ಕೆ ಅಂತಲೇ ಜನ ಬಂದು ನಿಲ್ಲುತ್ತಿದ್ದರು. ಇಷ್ಟಾದರೂ ಆಕೆ ಆ ಮನೆಯನ್ನು ಬಿಡದೆ ಸುಮಾರು ಇಪ್ಪತ್ತು ವರ್ಷ ಬಳಸಿದರು. ಪಿಟೀಲು ನುಡಿಸುತ್ತಿದ್ದರು, ಆಮೇಲೆ ಇಟಲಿಗೆ ಹೋಗಿ ಇಟಾಲಿಯನ್ ಕವಿತೆಗಳನ್ನು ಅನುವಾದಿಸಿದರು. ಮನೆಯ ಹೆಸರಿನ ಜೊತೆ ಬಹುಕಾಲ ಮೀಸ್ ಒಬ್ಬರನ್ನೇ ನೆನೆಯುತ್ತಿದ್ದರು. 2021ರಲ್ಲಿ ಅದಕ್ಕೆ ಎಡಿತ್ ಫಾರ್ನ್ಸ್‌ವರ್ತ್ ಮನೆ ಅಂತ ಪೂರ್ತಿ ಹೆಸರು ಇಟ್ಟರು. ಅದು ನನಗೆ ತುಂಬಾ ಸಮಾಧಾನ ಕೊಟ್ಟಿತು.

ಕಟ್ಟಡ ಕಸುಬು:

ನಾನು ವಾಸ್ತುಶಿಲ್ಪಿ, ಮೈಸೂರು. ನೀವು ನೋಡಿದ್ದು ಸರಿ. ಆದರೆ ಗಾಜನ್ನು ಅಷ್ಟು ಬೇಗ ಬಿಡಬೇಡಿ. ಅದು ಯಾಕೆ ಬಂತು ಅಂತ ಹೇಳುತ್ತೇನೆ.

ಹಳೆಯ ಕಟ್ಟಡದಲ್ಲಿ ಗೋಡೆ ಭಾರ ಹೊರುತ್ತದೆ. ಭಾರ ಹೊರುವ ಗೋಡೆಯನ್ನು ಸುಮ್ನೆ ತೆಗೆಯಲಿಕ್ಕೆ ಆಗುವುದಿಲ್ಲ, ಬೇಕಾದಲ್ಲಿ ತಿರುಗಿಸಲಿಕ್ಕೂ ಆಗುವುದಿಲ್ಲ. ಉಕ್ಕಿನ ಕಂಬ ಬಂದ ಮೇಲೆ ಭಾರವೆಲ್ಲ ಕಂಬಕ್ಕೆ ಹೋಯಿತು, ಗೋಡೆಗೆ ಬಿಡುಗಡೆ ಸಿಕ್ಕಿತು. ಆ ಬಿಡುಗಡೆಯನ್ನು ಮೀಸ್ ಮೊದಲು ಪೂರ್ತಿಯಾಗಿ ಬಳಸಿದ್ದು 1929ರ ಬಾರ್ಸಿಲೋನಾ ಪೆವಿಲಿಯನ್‌ನಲ್ಲಿ. ಅಲ್ಲಿನ ಅಂತಾರಾಷ್ಟ್ರೀಯ ಪ್ರದರ್ಶನಕ್ಕೆ ಜರ್ಮನಿಯ ಪರವಾಗಿ ಕಟ್ಟಿದ ಮಂಟಪ ಅದು. ವಿನ್ಯಾಸಕಿ ಲಿಲಿ ರೈಖ್ ಜೊತೆಗಿದ್ದರು. ಆಕೆಯ ಹೆಸರನ್ನು ಬಿಟ್ಟು ಈ ಕಥೆ ಹೇಳಬಾರದು.

ಅಲ್ಲಿಯೂ ಎಂಟೇ ಕಂಬ. ಅಡ್ಡಕೊಯ್ದರೆ ಕೂಡಿಸುವ ಚಿಹ್ನೆ ಕಾಣುವ ಹಾಗೆ, ಮೇಲೆ ಕ್ರೋಮ್ ಹೊಳಪು. ಗೋಡೆಗಳು ಕೆಲವು ಹಸಿರು ಅಮೃತಶಿಲೆಯವು, ಕೆಲವು ಟ್ರಾವರ್ಟೀನ್, ಒಂದು ಮಾತ್ರ ಜೇನಿನ ಬಣ್ಣದ ಓನಿಕ್ಸ್ ಕಲ್ಲು. ಯಾವ ಗೋಡೆಯೂ ಇನ್ನೊಂದರ ಜೊತೆ ಸೇರಿ ಪೆಟ್ಟಿಗೆ ಆಗುವುದಿಲ್ಲ. ಮಾಡಿನ ಕೆಳಗಿಂದ ಶುರುವಾದ ಗೋಡೆ ಮಾಡು ಮುಗಿದರೂ ನಿಲ್ಲದೆ ಹೊರಗೆ ಹೋಗಿ ಕೊಳದ ಬೆನ್ನಿಗೆ ನಿಲ್ಲುತ್ತದೆ. ನೆಲದ ಕಲ್ಲಂತೂ ಒಂದೇ ಅಳತೆಯ ಚೌಕ, ಒಳಗೂ ಹೊರಗೂ. ನಾನು ಅಲ್ಲಿ ಒಂದು ಬೆಳಗ್ಗೆ ಪೂರ್ತಿ ಕಳೆದೆ. ಚಿಕ್ಕ ಕೊಳದಲ್ಲಿ ಗೇಯಾರ್ಗ್ ಕೋಲ್ಬೆ ಮಾಡಿದ ಹೆಣ್ಣಿನ ಪ್ರತಿಮೆ ಇದೆ, ಕೈಯೆತ್ತಿ ನಿಂತಿದ್ದಾಳೆ. ಅವಳ ತಲೆಯ ಮೇಲೆ ಆಕಾಶ. ಒಳಗಿಂದ ನೋಡಿದರೆ ಆ ಜಾಗ ಕೋಣೆಯ ಕೊನೆಯ ಹಾಗಿದೆ. ಬಿಸಿಲು ನೀರಿಗೆ ಬಿದ್ದು, ನೀರಿನ ಅಲೆ ಹಸಿರು ಕಲ್ಲಿನ ಮೇಲೆ ಆಡುತ್ತಿತ್ತು. ಮಳೆ ಬಂದರೆ ಅವಳು ನೆನೆಯುತ್ತಾಳೆ, ನೀವು ನಾಲ್ಕು ಹೆಜ್ಜೆ ಈಚೆ ಒಣಗಿರುತ್ತೀರಿ.

ನೀವು ಹೇಳಿದ ಕಣ್ಣು-ಮೈ ಮಾತಿಗೆ ಬರುತ್ತೇನೆ. ಬಾರ್ಸಿಲೋನಾದಲ್ಲಿ ಮೈಯೂ ಹೊರಗೆ ಹೋಗುತ್ತದೆ. ಅದು ಮೆಡಿಟರೇನಿಯನ್ ಊರು, ಅಲ್ಲದೆ ಅಲ್ಲಿ ಯಾರೂ ಮಲಗಬೇಕಿರಲಿಲ್ಲ. ಪ್ಲೇನೋದಲ್ಲಿ ಜನವರಿ ಚಳಿ ನಿಮಗೇ ಗೊತ್ತಲ್ಲ. ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗೆ ಹೋದ ದಿನ ಜಗಲಿಯಲ್ಲಿ ಕೂರುವ ಮಾತೇ ಇಲ್ಲ. ಆಗ ಹಿಮದ ನಡುವೆ ಬೆಚ್ಚಗೆ ಕೂತು ಹಿಮ ನೋಡುವ ಭಾಗ್ಯ ಕೊಡುವುದು ಗಾಜು ಒಂದೇ. ಆ ಮನೆಯ ನೆಲದೊಳಗೆ ಬಿಸಿನೀರಿನ ಕೊಳವೆಗಳಿವೆ, ಕಾಲಡಿಯಿಂದ ಬೆಚ್ಚಗಾಗಲಿ ಅಂತ. ವರ್ಷದಲ್ಲಿ ಐದು ತಿಂಗಳು ಕಿಟಕಿ ಮುಚ್ಚಿಯೇ ಇರಬೇಕಾದ ಊರಿನವರಿಗೆ ಕಣ್ಣಾದರೂ ಹೊರಗೆ ಹೋಗುವುದು ಸಣ್ಣ ವಿಷಯ ಅಲ್ಲ.

ಫಾಕ್ಸ್ ದಂಡೆ:

ಇದನ್ನು ನಾನು ಯೋಚಿಸಿರಲಿಲ್ಲ. ಹೋಗಿದ್ದು ಅಕ್ಟೋಬರ್‌ನಲ್ಲಿ, ಹೊರಗೆ ಹಿತವಾಗಿತ್ತು. ಫೆಬ್ರವರಿಯಲ್ಲಿ ನಮ್ಮ ಮನೆಯ ಸಣ್ಣ ಕಿಟಕಿಯ ಮುಂದೆ ಕಾಫಿ ಲೋಟ ಹಿಡಿದು ನಿಲ್ಲುವಾಗ ಹೇಗನ್ನಿಸುತ್ತದೆ ಅಂತ ನೆನೆದರೆ ನಿಮ್ಮ ಮಾತು ಸರಿ ಅನ್ನಿಸುತ್ತದೆ.

ಆದರೂ ಒಂದು ತಕರಾರು. ಚಳಿಗಾಲಕ್ಕೆ ಗಾಜು ಒಪ್ಪಿದೆ. ಬೇಸಿಗೆಗೆ? ಅಷ್ಟು ದೊಡ್ಡ ಗಾಜಿನ ಮನೆಯಲ್ಲಿ ತೆರೆಯಲಿಕ್ಕೆ ಬರುವುದು ಪಡುವಣ ಬದಿಯ ಬಾಗಿಲು ಮತ್ತು ಮಲಗುವ ಕಡೆ ಕೆಳಗಡೆ ಎರಡು ಪುಟ್ಟ ಕಿಟಕಿ, ಅಷ್ಟೇ. ಶಿಕಾಗೊದ ಜುಲೈ ಸೆಖೆಗೆ ಅದು ಸಾಲದು.

ಲೆಕ್ಕದ ಎಂಜಿನಿಯರ್:

ಸಾಲದು, ನಿಜ. ಅದು ಕಾಲಿಂಚು ದಪ್ಪದ ಒಂಟಿ ಗಾಜು. ಬಿಸಿಲು ಗಾಜು ದಾಟಿ ಒಳಗೆ ಬರುತ್ತದೆ, ನೆಲ ಕಾಯುತ್ತದೆ, ಆ ಕಾವು ಅದೇ ದಾರಿಯಲ್ಲಿ ಸುಲಭವಾಗಿ ವಾಪಸ್ ಹೋಗುವುದಿಲ್ಲ. ಚಳಿಗಾಲದಲ್ಲಿ ಅದೇ ಗಾಜಿನ ಒಳಮೈ ಬೆವರುತ್ತದೆ, ನೀರು ಇಳಿದು ನೆಲ ಒದ್ದೆಯಾಗುತ್ತದೆ. ಬೇಸಿಗೆಯಲ್ಲಿ ಆ ಮನೆಯನ್ನು ಕಾಯುತ್ತಿದ್ದದ್ದು ತೆಂಕಣ ದಿಕ್ಕಿನ ಒಂದು ದೊಡ್ಡ ಮೇಪಲ್ ಮರ. ಬೇಸಿಗೆಯಲ್ಲಿ ಎಲೆ ಇರುತ್ತದೆ, ನೆರಳು. ಚಳಿಗೆ ಎಲೆ ಉದುರುತ್ತದೆ, ಬಿಸಿಲು. ಆ ಮರ ಈಗಿಲ್ಲ, ಮುಪ್ಪಾಗಿ ಹೋಯಿತು. ಕಟ್ಟಡದ ನಕ್ಷೆಯಲ್ಲಿ ಮರವೂ ಒಂದು ಭಾಗ ಅಂತ ಯಾರಾದರೂ ಕೇಳಿದರೆ ನಾನು ಈ ಮನೆಯನ್ನು ತೋರಿಸುತ್ತೇನೆ.

ನನಗೆ ಆ ಮನೆಯಲ್ಲಿ ಇಷ್ಟವಾದದ್ದು ಕಂಬ ಮತ್ತು ತೊಲೆ ಕೂಡುವ ಜಾಗ. ಸಾಮಾನ್ಯವಾಗಿ ತೊಲೆ ಕಂಬದ ತಲೆ ಮೇಲೆ ಕೂರುತ್ತದೆ. ಇಲ್ಲಿ ಹಾಗಿಲ್ಲ. ಕಂಬ ತೊಲೆಯ ಪಕ್ಕಕ್ಕೆ ಆತುಕೊಂಡು ನಿಂತಿದೆ. ಬೋಲ್ಟು ಇಲ್ಲ, ನಟ್ಟು ಇಲ್ಲ. ವೆಲ್ಡ್ ಮಾಡಿ, ವೆಲ್ಡಿನ ಗುರುತನ್ನೂ ಉಜ್ಜಿ, ಬಿಳಿ ಬಣ್ಣ ಬಳಿದಿದ್ದಾರೆ. ನೆಲ ಮತ್ತು ಮಾಡು ಎರಡನ್ನೂ ಪಕ್ಕದಿಂದ ಯಾರೋ ಹಿಡಿದುಕೊಂಡ ಹಾಗೆ ಕಾಣುತ್ತದೆ. ಎರಡೂ ಕೊನೆಯಲ್ಲಿ ಕಂಬ ದಾಟಿ ಮಾಡು ಮುಂದಕ್ಕೆ ಚಾಚಿರುವುದರಿಂದ ಮೂಲೆಯಲ್ಲಿ ಕಂಬವೇ ಇಲ್ಲ. ಮೂಲೆಯಲ್ಲಿ ಕಂಬ ಇದ್ದಿದ್ದರೆ ಅದು ಪೆಟ್ಟಿಗೆ ಅನ್ನಿಸುತ್ತಿತ್ತು. ಇಲ್ಲದ್ದರಿಂದಲೇ ಬಯಲು ಅನ್ನಿಸುತ್ತದೆ.

ಇನ್ನು ನೆರೆ. ನೆಲವನ್ನು 1.6 ಮೀಟರ್ ಎತ್ತಿದ್ದೇ ಫಾಕ್ಸ್ ನದಿಗೆ ಹೆದರಿ. ಸಾಕಾಗಲಿಲ್ಲ. 1954ರಲ್ಲಿ ನೀರು ಒಳಗೆ ನುಗ್ಗಿತು. 1996ರಲ್ಲಿ ಇನ್ನೂ ಜೋರಾಗಿ ಬಂದು ಗಾಜು ಒಡೆಯಿತು, ಮರದ ಹಲಗೆ ಹಾಳಾಯಿತು. 2008ರಲ್ಲಿ ಮತ್ತೆ. ನೆರೆ ಬಂದಾಗ ಜ್ಯಾಕ್ ಹಾಕಿ ಇಡೀ ಮನೆಯನ್ನು ಎತ್ತುವ ಯೋಜನೆಯ ಬಗ್ಗೆಯೂ ಚರ್ಚೆ ನಡೆದಿದೆ. ಹೊರಗನ್ನು ಒಳಗೆ ಕರೆದರೆ ನದಿಯೂ ಬರುತ್ತದೆ ಅನ್ನುವುದನ್ನು ಕಟ್ಟುವವರು ಮೊದಲ ದಿನವೇ ಯೋಚಿಸಬೇಕು.

ಸಾಬರಮತಿ ಓದು:

ನಾನು ಅಹಮದಾಬಾದಿನಲ್ಲಿ ಓದಿದವಳು, ಊರು ಧಾರವಾಡ. ಗಾಜೇ ಇಲ್ಲದ ಒಂದು ಆಧುನಿಕ ಮಂಟಪದ ಬಗ್ಗೆ ಹೇಳಲೇಬೇಕು. ಸಾಬರಮತಿ ಆಶ್ರಮದಲ್ಲಿರುವ ಗಾಂಧಿ ಸ್ಮಾರಕ ಸಂಗ್ರಹಾಲಯ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಮಾಡಿದ್ದು. 1958ರಲ್ಲಿ ಕೆಲಸ ಹಿಡಿದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. 1963ರಲ್ಲಿ ನೆಹರೂ ಉದ್ಘಾಟಿಸಿದರು.

ಆರು ಮೀಟರಿಗೆ ಆರು ಮೀಟರ್ ಚೌಕ. ಅದೇ ಅಳತೆ ಮತ್ತೆ ಮತ್ತೆ. ನಾಲ್ಕು ಮೂಲೆಗೆ ಇಟ್ಟಿಗೆಯ ಕಂಬ, ಮೇಲೆ ಹೆಂಚಿನ ಪಿರಮಿಡ್ ಮಾಡು. ಕೆಲವು ಚೌಕಕ್ಕೆ ಗೋಡೆ ಇದೆ, ಕೆಲವಕ್ಕೆ ಇಲ್ಲ. ಒಂದು ಚೌಕ ಪೂರ್ತಿ ಆಕಾಶಕ್ಕೆ ಬಿಟ್ಟು ನೀರಿನ ಕೊಳ ಮಾಡಿದ್ದಾರೆ. ಕಾಗದ ಪತ್ರ, ಪುಸ್ತಕ ಇಡುವ ಕಡೆ ಗೋಡೆ ಮತ್ತು ಮರದ ಪಟ್ಟಿಯ ಕಿಟಕಿ. ಜನ ಓಡಾಡುವ ಕಡೆ ಬರೀ ಮಾಡು. ಮೊದಲ ಸಲ ಹೋದಾಗ ಎಲ್ಲಿ ಬಾಗಿಲು ಅಂತ ಹುಡುಕಿದ್ದೆ. ಮುಂಬಾಗಿಲು ಅಂತ ಒಂದು ಇಲ್ಲ. ನಡೆಯುತ್ತಾ ನಡೆಯುತ್ತಾ ಒಳಗೆ ಬಂದಿರುತ್ತೀರಿ.

ನಾನು ಅಲ್ಲಿ ಅಳತೆ ತೆಗೆಯಲಿಕ್ಕೆ ನಾಲ್ಕೈದು ದಿನ ಕೂತಿದ್ದೆ. ಒಂದು ಮಧ್ಯಾಹ್ನ ಮಳೆ ಬಂತು. ಆಗ ತಿಳಿದದ್ದು, ಕಂಬದಿಂದ ಕಂಬಕ್ಕೆ ಹಾಕಿರುವ ಕಾಂಕ್ರೀಟಿನ ತೊಲೆ ಬರೀ ತೊಲೆ ಅಲ್ಲ, ಅದು ದೋಣಿಯೂ ಹೌದು. ಇಂಗ್ಲಿಷ್ ಯು ಅಕ್ಷರದ ಹಾಗೆ ಮೇಲೆ ತೆರೆದ ತೊಟ್ಟಿ. ಎರಡೂ ಕಡೆಯ ಹೆಂಚಿನ ನೀರು ಅದರಲ್ಲಿ ಬಿದ್ದು ಹರಿಯುತ್ತದೆ. ಮಾಡಿನ ಭಾರ ಹೊರುವುದೂ ಅದೇ, ಮಳೆಯನ್ನು ಸಾಗಿಸುವುದೂ ಅದೇ. ಮುಂದೆ ಸಂಗ್ರಹ ಬೆಳೆದರೆ ಇನ್ನೊಂದು ಚೌಕ ಸೇರಿಸಬಹುದು, ಹೊಸದಾಗಿ ಅಂಟಿಸಿದ ಹಾಗೆ ಕಾಣುವುದಿಲ್ಲ.

ಫಾಕ್ಸ್ ದಂಡೆಯವರೇ, ನಿಮ್ಮ ಜಗಲಿಯ ಮಾತು ಇಲ್ಲಿ ಇಡೀ ಕಟ್ಟಡವೇ ಆಗಿದೆ. ಕೊರಿಯಾ ಆಕಾಶಕ್ಕೆ ತೆರೆದ ಜಾಗ ಅಂತ ಜೀವನವಿಡೀ ಹೇಳುತ್ತಿದ್ದರು. ನಮ್ಮ ಹವೆಯಲ್ಲಿ ಹೊತ್ತಿಗೆ ತಕ್ಕಂತೆ ಜಾಗ ಬದಲಿಸುತ್ತೇವೆ, ಬೆಳಗ್ಗೆ ಅಂಗಳ, ಮಧ್ಯಾಹ್ನ ಒಳಗೆ, ರಾತ್ರಿ ಮಾಳಿಗೆ. ಅದನ್ನು ತಿಳಿದು ಕಟ್ಟಿದ ಮನುಷ್ಯ. ಬೆಂಗಳೂರಿನ ಕೋರಮಂಗಲದಲ್ಲಿ ಅವರು ಕಟ್ಟಿಕೊಂಡ ಸ್ವಂತ ಮನೆಗೂ ನಡುವೆ ಒಂದು ಅಂಗಳ ಇತ್ತು.

ಬನ್ನೇರುಘಟ್ಟ ರಸ್ತೆ:

ಕೊರಿಯಾ ಬಂದ ಮೇಲೆ ದೋಶಿ ಬರಬೇಕಲ್ಲ. ಎರಡು ವರ್ಷ ನಾನು ಐಐಎಂ ಬೆಂಗಳೂರಿನಲ್ಲಿ ಓದಿದೆ. ಅದನ್ನು ವಿನ್ಯಾಸ ಮಾಡಿದ ಬಾಲಕೃಷ್ಣ ದೋಶಿ ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪಿ ಕಾರ್ಬೂಸಿಯೆ ಹತ್ತಿರ ಕೆಲಸ ಮಾಡಿದವರು, ಅಹಮದಾಬಾದ್ ಐಐಎಂ ಕಟ್ಟುವಾಗ ವಾಸ್ತುಶಿಲ್ಪಿ ಲೂಯಿ ಕಾನ್ ಜೊತೆ ಇದ್ದವರು. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಆದರೆ ಬೆಂಗಳೂರಿಗೆ ಮಾದರಿ ತಂದದ್ದು ಫತೇಪುರ್ ಸಿಕ್ರಿಯಿಂದ. ಅಲ್ಲಿನ ಅಂಗಳ, ಮಂಟಪ, ಅವುಗಳನ್ನು ಕೂಡಿಸುವ ಕೈಸಾಲೆ.

ಕಲ್ಲು ನಮ್ಮದೇ ಬೂದು ಕಲ್ಲು, ಒರಟಾಗಿ ಒಡೆದದ್ದು. ಕೈಸಾಲೆಗಳು ಕೆಲವು ಕಡೆ ಮೂರು ಅಂತಸ್ತಿನಷ್ಟು ಎತ್ತರ. ಸ್ವಲ್ಪ ದೂರ ಮೇಲೆ ಮಾಡು ಇರುತ್ತದೆ, ಸ್ವಲ್ಪ ದೂರ ಬರೀ ಕಾಂಕ್ರೀಟ್ ಪಟ್ಟಿಗಳ ಚಪ್ಪರ, ಆಮೇಲೆ ಪೂರ್ತಿ ಬಯಲು. ಚಪ್ಪರದ ಮೇಲೆ ಬಳ್ಳಿ. ಬೆಳಗ್ಗೆ ಎಂಟೂವರೆಗೆ ಕ್ಲಾಸಿಗೆ ಓಡುವಾಗ ನೆಲದ ಮೇಲೆ ನೆರಳಿನ ಗೆರೆಗಳು ಓರೆಯಾಗಿ ಬಿದ್ದಿರುತ್ತಿದ್ದವು. ಮಧ್ಯಾಹ್ನ ಊಟಕ್ಕೆ ಬರುವಾಗ ಅವೇ ಗೆರೆಗಳು ದಪ್ಪಗಾಗಿ ಬೇರೆ ಕಡೆ ಸರಿದಿರುತ್ತಿದ್ದವು. ಗಡಿಯಾರ ನೋಡದೆಯೇ ಹೊತ್ತು ತಿಳಿಯುತ್ತಿತ್ತು.

ಕ್ಲಾಸಿನಲ್ಲಿ ಅರ್ಥವಾಗದ ಪಾಠ ನನಗೆ ಆ ಕೈಸಾಲೆಯ ಕಟ್ಟೆ ಮೇಲೆ ಕೂತು ಗೆಳೆಯ ಹೇಳಿಕೊಟ್ಟಾಗ ಅರ್ಥವಾದದ್ದಿದೆ. ಒಂದು ಸಲ ಅಲ್ಲ, ಎಷ್ಟೋ ಸಲ. ಕೈಸಾಲೆ ಅಷ್ಟು ಅಗಲ ಇಟ್ಟಿದ್ದೇ ಜನ ನಿಂತು ಮಾತಾಡಲಿ ಅಂತ. ಎಸಿ ಹಾಕಿದ ಕಾರಿಡಾರಿನಲ್ಲಿ ಯಾರೂ ನಿಲ್ಲುವುದಿಲ್ಲ, ನೀವೇ ಗಮನಿಸಿ ನೋಡಿ.

ಜಯನಗರ ಸೈಟು:

ಎಲ್ಲರ ಮಾತು ಓದುತ್ತಾ ಇದ್ದೇನೆ. ನನ್ನದು ನೇರವಾದ ಕಷ್ಟ. ಈಗ ಇರುವುದು ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿ. ಕಟ್ಟಿದ ಕಂಪನಿಯವರು ಒಳಗು-ಹೊರಗು ಒಂದೇ ಅಂತ ಹೇಳಿ, ಹಾಲಿನ ಪಡುವಣ ಗೋಡೆ ಪೂರ್ತಿ ಗಾಜು ಮಾಡಿದ್ದಾರೆ. ಮಧ್ಯಾಹ್ನ ಮೂರರಿಂದ ಆರರವರೆಗೆ ಅಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಏಪ್ರಿಲ್‌ನಲ್ಲಿ ಸೋಫಾದ ಚರ್ಮ ಸುಡುತ್ತದೆ. ನಾಲ್ಕು ವರ್ಷದಿಂದ ದಪ್ಪ ಪರದೆ ಎಳೆದೇ ಇದ್ದೇವೆ. ಗಾಜು ಇದೆ ಅನ್ನುವುದೇ ಮರೆತು ಹೋಗಿದೆ. ನನ್ನ ಅಮ್ಮ ಸಂಜೆ ಲಿಫ್ಟಿಳಿದು ಕೆಳಗೆ ಹೋಗಿ ಸೆಕ್ಯೂರಿಟಿ ಕೋಣೆಯ ಪಕ್ಕದ ಕಲ್ಲು ಬೆಂಚಿನ ಮೇಲೆ ಕೂರುತ್ತಾರೆ.

ಅಪ್ಪನ ಹಳೆಯ 30x40 ಸೈಟು ಜಯನಗರದಲ್ಲಿದೆ, ರಸ್ತೆ ಮೂಡಣಕ್ಕೆ. ಮುಂದಿನ ವರ್ಷ ಮನೆ ಕಟ್ಟಬೇಕು. ಅಮ್ಮನಿಗೆ ಕೂರಲಿಕ್ಕೆ ಒಂದು ಜಾಗ ಬೇಕು, ಮನೆಯೊಳಗೂ ಅಲ್ಲದ, ರಸ್ತೆಯೂ ಅಲ್ಲದ ಜಾಗ. ಫಾರ್ನ್ಸ್‌ವರ್ತ್ ತರಹದ್ದು ಅಷ್ಟು ಸಣ್ಣ ಸೈಟಿನಲ್ಲಿ ಆಗುತ್ತಾ?

ಕಟ್ಟಡ ಕಸುಬು:

ನಿಮ್ಮ ಅಮ್ಮನ ಬೆಂಚಿನ ಸಂಗತಿ ಓದಿ ತುಂಬಾ ಬೇಜಾರಾಯಿತು. ಇಷ್ಟು ದುಡ್ಡು ಕೊಟ್ಟ ಮನೆಯಲ್ಲಿ ಸಂಜೆ ಕೂರಲು ಒಂದು ಜಾಗ ಇಲ್ಲ ಅಂದರೆ ಅದು ಕಟ್ಟುವವರ ತಪ್ಪು.

ಬಿಸಿಲಿನ ಲೆಕ್ಕ ಹೇಳುತ್ತೇನೆ, ಇದೊಂದು ತಿಳಿದರೆ ಅರ್ಧ ಕೆಲಸ ಆಯಿತು. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಸೂರ್ಯ ತೆಂಕಣಕ್ಕೆ ವಾಲಿ, ನೆಲದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. ಜೂನ್‌ನಲ್ಲಿ ನೆತ್ತಿ ದಾಟಿ ಬಡಗಣಕ್ಕೆ 10 ಡಿಗ್ರಿ ವಾಲಿರುತ್ತಾನೆ. ಎರಡೂ ಎತ್ತರದ ಬಿಸಿಲು. ಅಂದರೆ ತೆಂಕಣಕ್ಕೂ ಬಡಗಣಕ್ಕೂ ಒಂದು ಹದವಾದ ಸಜ್ಜಾ ಸಾಕು. ಮೂಡಣ ಪಡುವಣ ಮಾತ್ರ ಕಷ್ಟ. ಅಲ್ಲಿ ಬಿಸಿಲು ನೆಲಕ್ಕೆ ಸಮವಾಗಿ ನುಗ್ಗುತ್ತದೆ, ಎಷ್ಟು ಉದ್ದ ಸಜ್ಜಾ ಹಾಕಿದರೂ ಕೆಳಗಿಂದ ಬರುತ್ತದೆ. ಪಡುವಣಕ್ಕೆ ಗಾಜಿನ ಗೋಡೆ ಕೊಡುವುದು ಅಂದರೆ ಸಂಜೆಯ ಕಾವನ್ನು ಮನೆಗೆ ಕರೆದು ಕೂರಿಸಿದ ಹಾಗೆ. ಶಿಕಾಗೊ 42 ಡಿಗ್ರಿ. ಅಲ್ಲಿ ಡಿಸೆಂಬರ್‌ನ ನಡುಮಧ್ಯಾಹ್ನ ಸೂರ್ಯ 25 ಡಿಗ್ರಿಯೂ ಏರುವುದಿಲ್ಲ. ಆ ಬಿಸಿಲು ಒಳಗೆ ಬಂದರೆ ಹಬ್ಬ. ಅದೇ ಗಾಜು, ಊರು ಬೇರೆಯಾದರೆ ಫಲವೂ ಬೇರೆ.

ನಿಮ್ಮ ಸೈಟಿಗೆ ಮೂಡಣ ಮುಂಭಾಗ ಒಳ್ಳೆಯದೇ. ಬೆಳಗಿನ ಬಿಸಿಲು ಹಿತ, ಸಂಜೆ ಮನೆಯೇ ನೆರಳು ಕೊಡುತ್ತದೆ. ಅಮ್ಮ ಕೂರುವುದು ಸಂಜೆ ಅಲ್ವಾ? ಹಾಲಿನ ಗಾತ್ರ ಕಡಿಮೆ ಮಾಡಿ, ಮುಂದೆ ಎಂಟು ಅಡಿ ಆಳದ ಜಗಲಿ ಬಿಡಿ. ಐದು ಅಡಿ ಬಿಟ್ಟರೆ ಅದು ಚಪ್ಪಲಿ ಇಡುವ ಜಾಗವಾಗುತ್ತದೆ, ಇದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಎಂಟು ಅಡಿ ಇದ್ದರೆ ಎರಡು ಕುರ್ಚಿ ಹಾಕಿ ಮುಂದೆ ಒಬ್ಬರು ನಡೆದು ಹೋಗಬಹುದು. ಒಳಗಿನ ನೆಲದ ಕಲ್ಲನ್ನೇ ಜಗಲಿಗೂ ಹಾಕಿ. ನಡುವೆ ಮಡಚುವ ಮರದ ಬಾಗಿಲು.

ಸಾಬರಮತಿ ಓದು:

ಮೂಲೆಯಲ್ಲಿ ಕಂಬ ಬೇಡ, ದಯವಿಟ್ಟು. ಎಂಜಿನಿಯರ್ ಅವರು ಮೇಲೆ ಹೇಳಿದ್ದು ಜಯನಗರಕ್ಕೂ ಸರಿ. ಕಂಬವನ್ನು ಎರಡು ಅಡಿ ಒಳಗೆ ತಂದರೂ ಸಾಕು, ಅಮ್ಮನಿಗೆ ರಸ್ತೆಯ ಎರಡೂ ತುದಿ ಕಾಣುತ್ತದೆ.

ಉತ್ತರದ ಬೆಳಕು:

ನಾನು ಓಸ್ಲೋದಲ್ಲಿದ್ದೇನೆ, ತಡವಾಗಿ ಬಂದೆ. ಸೈಟಿನಲ್ಲಿ ಮರ ಇದ್ದರೆ ಕಡಿಯಬೇಡಿ ಅಂತ ಹೇಳಲಿಕ್ಕೆ ಬಂದೆ. ವೆನಿಸ್‌ನಲ್ಲಿ ಬಿಯೆನಾಲೆ ಎಂಬ ಕಲಾ ಪ್ರದರ್ಶನ ನಡೆಯುವ ತೋಟದಲ್ಲಿ ನಾರ್ಡಿಕ್ ದೇಶಗಳ ಪೆವಿಲಿಯನ್ ಇದೆ. ನಾರ್ವೆಯ ವಾಸ್ತುಶಿಲ್ಪಿ ಸ್ವೆರೆ ಫೇನ್ 1962ರಲ್ಲಿ ಕಟ್ಟಿದ್ದು. ಜಾಗದಲ್ಲಿ ಮೊದಲೇ ಮರಗಳಿದ್ದವು. ಅವರು ಮರ ಕಡಿಯಲಿಲ್ಲ, ಮಾಡನ್ನೇ ತೂತು ಬಿಟ್ಟು ಕಟ್ಟಿದರು. ಕೋಣೆಯ ನಡುವೆ ಮರದ ಕಾಂಡ ಎದ್ದು ಮಾಡಿನಾಚೆ ಹೋಗುತ್ತದೆ. ಮಾಡು ಅಂದರೆ ತೆಳ್ಳನೆಯ ಕಾಂಕ್ರೀಟ್ ಪಟ್ಟಿಗಳು, ಒಂದರ ಮೇಲೊಂದು ಎರಡು ಸಾಲು ಅಡ್ಡಡ್ಡಲಾಗಿ. ವೆನಿಸ್ಸಿನ ಚುರುಕು ಬಿಸಿಲು ಎರಡು ಸಲ ಸೋಸಿ ಕೆಳಗೆ ಬರುವಾಗ ನಮ್ಮ ಉತ್ತರದ ಬೆಳಕಿನ ಹಾಗೆ ಮೆತ್ತಗಾಗಿರುತ್ತದೆ, ಚಿತ್ರಗಳ ಮೇಲೆ ಗಟ್ಟಿ ನೆರಳು ಬೀಳುವುದಿಲ್ಲ. ಅಲ್ಲಿ ನಿಂತು ಕಣ್ಣು ತುಂಬಿ ಬಂದಿತ್ತು ನನಗೆ.

ಜಯನಗರ ಸೈಟು:

ಸೈಟಿನ ಮುಂದಿನ ಮೂಲೆಯಲ್ಲಿ ಒಂದು ಸಂಪಿಗೆ ಮರ ಇದೆ, ಅಪ್ಪ ನೆಟ್ಟದ್ದು. ಪಾರ್ಕಿಂಗಿಗೆ ಅಡ್ಡ ಬರುತ್ತದೆ, ತೆಗೆಸಿ ಅಂತ ಗುತ್ತಿಗೆದಾರರು ಹೇಳುತ್ತಿದ್ದರು. ಇನ್ನು ತೆಗೆಸುವುದಿಲ್ಲ. ಎಂಟು ಅಡಿ ಜಗಲಿ, ಮೂಲೆಗೆ ಕಂಬ ಇಲ್ಲ, ಮರದ ಜಾಗದಲ್ಲಿ ಮಾಡು ಕತ್ತರಿಸಬೇಕು. ನಿನ್ನೆ ರಾತ್ರಿ ಅಮ್ಮನಿಗೆ ಇಷ್ಟೂ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಒಳಗಿನ ನೆಲ, ಜಗಲಿ ನೆಲ ಒಂದೇ ಮಟ್ಟ ಅಂದರೆ ಮಳೆ ನೀರು ಒಳಗೆ ಬರಲ್ವಾ?

ತೀರ್ಥಹಳ್ಳಿ ಮಳೆ:

ಅಮ್ಮ ಸರಿಯಾದ ಜಾಗಕ್ಕೆ ಕೈ ಹಾಕಿದರು. ಮೇಲಿಂದ ಬೀಳುವ ಮಳೆಗೆ ಮಾಡು ಇದೆ. ಕಷ್ಟ ಕೊಡುವುದು ಎರಚಲು. ನಮ್ಮಲ್ಲಿ ಸೂರು ಚೆನ್ನಾಗಿ ಇಳಿಸುತ್ತೇವೆ, ಎರಡೂವರೆ ಮೂರು ಅಡಿ ಹೊರಗೆ ಚಾಚಿ, ತಲೆ ತಾಗದಷ್ಟು ಕೆಳಗೆ. ಆಷಾಢದಲ್ಲಿ ಗಾಳಿ ಬರುವ ಕಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತೇವೆ, ಮಳೆಗಾಲ ಮುಗಿದ ಮೇಲೆ ಬಿಚ್ಚುತ್ತೇವೆ. ನೀವು ಬಿದಿರಿನ ಕಡ್ಡಿಯ ಪರದೆ ಹಾಕಿ, ಸುತ್ತಿ ಮೇಲೆತ್ತಬಹುದು. ಸೊಳ್ಳೆಗೂ ಸ್ವಲ್ಪ ತಡೆ. ಸೂರಿನ ನೀರು ಬೀಳುವ ಗೆರೆಗೆ ಜಲ್ಲಿ ತುಂಬಿ, ಕೆಸರು ಹಾರುವುದಿಲ್ಲ.

ಲೆಕ್ಕದ ಎಂಜಿನಿಯರ್:

ವಾಟ ಕೊಡಲೇಬೇಕು. ಹತ್ತು ಅಡಿಗೆ ಒಂದೂವರೆ ಇಂಚಿನ ಆಸುಪಾಸು ಹೊರಗಡೆಗೆ ಇಳಿಜಾರು ಇದ್ದರೆ ಕಣ್ಣಿಗೆ ಕಾಣುವುದಿಲ್ಲ, ನೀರು ನಿಲ್ಲುವುದಿಲ್ಲ. ಬಾಗಿಲ ಕೆಳಗೆ ಅರ್ಧ ಇಂಚಿನ ಕಲ್ಲು ಪಟ್ಟಿ ಎತ್ತಿ ಕೊಡಿ, ಕಾಲು ಎಡವದ ಹಾಗೆ ಅಂಚು ಉಜ್ಜಿಸಿ.

ಫಾಕ್ಸ್ ದಂಡೆ:

ಈ ಪ್ರಶ್ನೆಗೆ ನಾನು ಪ್ಲೇನೋದಲ್ಲಿ ಕಂಡದ್ದು ಹೇಳಬಹುದು. ಆ ತಗ್ಗಿನ ಬಯಲು ಕಟ್ಟೆ ಪೂರ್ತಿ ಸಪಾಟು, ಒಂದು ನೂಲಿನಷ್ಟೂ ವಾಟ ಇಲ್ಲ. ಮಳೆ ನೀರು ಎಲ್ಲಿ ಹೋಗುತ್ತದೆ ಅಂತ ನಾನು ಬಗ್ಗಿ ನೋಡಿದೆ. ಕಲ್ಲು ಮತ್ತು ಕಲ್ಲಿನ ಸಂದು ತೆರೆದೇ ಇದೆ, ಸಿಮೆಂಟು ತುಂಬಿಲ್ಲ. ಜೊತೆಗಿದ್ದ ಮಾರ್ಗದರ್ಶಿ ವಿವರಿಸಿದರು. ಕಲ್ಲಿನ ಕೆಳಗೆ ತಲೆಕೆಳಗಾದ ಪಿರಮಿಡ್ ಆಕಾರದ ಲೋಹದ ತಟ್ಟೆಗಳಿವೆ, ಅವುಗಳ ತುಂಬ ಜಲ್ಲಿ. ನೀರು ಸಂದಿನಲ್ಲಿ ಇಳಿದು, ಜಲ್ಲಿಯಲ್ಲಿ ಸೋಸಿ, ತಟ್ಟೆಯ ತಳದ ಕೊಳವೆಯಿಂದ ಮಣ್ಣಿಗೆ ಹೋಗುತ್ತದೆ. ವಾಟ ಇದೆ, ಆದರೆ ಕಲ್ಲಿನ ಕೆಳಗೆ ಬಚ್ಚಿಟ್ಟಿದ್ದಾರೆ.

ತೀರ್ಥಹಳ್ಳಿಯವರು ಸೂರಿನ ಗೆರೆಗೆ ಜಲ್ಲಿ ತುಂಬಿ ಅಂದಾಗ ಅದೇ ನೆನಪಾಯಿತು. ಜಗಲಿಯ ಕೊನೆಯ ಒಂದು ಸಾಲು ಕಲ್ಲನ್ನು ಹೀಗೇ ಸಂದು ಬಿಟ್ಟು ಜಲ್ಲಿಯ ಮೇಲೆ ಕೂರಿಸಬಹುದಾ, ಎಂಜಿನಿಯರ್ ಅವರೇ? ಹಾಗಾದರೆ ನೀರು ಸಂಪಿಗೆಯ ಬೇರಿಗೇ ಹೋಗುತ್ತದಲ್ಲ.

ಲೆಕ್ಕದ ಎಂಜಿನಿಯರ್:

ಆಗುತ್ತದೆ. ಮರದ ಕಡೆಯ ಎರಡು ಅಡಿ ಮಾತ್ರ ಹಾಗೆ ಮಾಡಿ, ಪಾಯಕ್ಕೆ ನೀರು ತಾಗದ ಹಾಗೆ ನಡುವೆ ಒಂದು ಸಣ್ಣ ಕಟ್ಟೆ ಗೋಡೆ ಇರಲಿ. ಕಲ್ಲಿನ ದಪ್ಪ ಎರಡು ಇಂಚಿಗಿಂತ ಕಡಿಮೆ ಬೇಡ. ಸಂದು ಕಾಲಿಂಚು ಸಾಕು, ಅಮ್ಮನ ಊರುಗೋಲು ಸಿಕ್ಕಿಕೊಳ್ಳಬಾರದು. ಸೈಟಿನ ಅಳತೆ, ಮರ ಇರುವ ಜಾಗ ಗುರುತು ಮಾಡಿ ಒಂದು ಚಿತ್ರ ಹಾಕಿ, ಭಾನುವಾರ ಕೂತು ಬಿಡಿಸಿ ಕಳಿಸುತ್ತೇನೆ.